ಜೋಳ ನಿಂತಾಗ ನೋಡಿದ ಹೊಲ

ನನ್ನ ಮೊದಲ ಜಾಗದ ಮಾತು ಮುಗಿದಾಗ ನನ್ನ ಎಡಗೈ ಭುಜದವರೆಗೂ ಒಂದು ಹಸುವಿನ ಒಳಗಿತ್ತು. ದೊಡ್ಡಗಾಜನೂರಿನ ಒಂದು ಕೊಟ್ಟಿಗೆ. ಮನೆಯ ಯಜಮಾನ ಹಸುವಿನ ಕೊಂಬು ಹಿಡಿದು ನಿಂತು, ತಾಳವಾಡಿ ಪೇಟೆಯಲ್ಲಿರುವ ತನ್ನ ಸಣ್ಣ ನಿವೇಶನವನ್ನು ಯಾರಿಗಾದರೂ ದಾಟಿಸಿಬಿಡಬೇಕು ಅಂದ. ನಾನು ಒಳಗೆ ಬೆರಳಲ್ಲಿ ಗರ್ಭಕೋಶದ ಕೊರಳು ತಡಕುತ್ತ, "ನಂಗೇ ದಾಟ್ಸಿ" ಅಂದೆ. ಅವನು ನಕ್ಕ. ಹಸು ಬಾಲ ಬೀಸಿತು. ವ್ಯಾಪಾರ ಆಯಿತು.

ಹೀಗೆ ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಕೇಳಿದವರು ನಗುತ್ತಾರೆ, ನಕ್ಕಷ್ಟೂ ಕತೆ ಗಟ್ಟಿಯಾಗುತ್ತದೆ. ಹೆಂಡತಿ ಮಹದೇವಮ್ಮ ಮಾತ್ರ ಒಪ್ಪುವುದಿಲ್ಲ. "ಸುಳ್ ಏಳ್ಬ್ಯಾಡಿ. ಅವತ್ತು ಕೈ ತೊಳ್ಕಂಡು, ಕಾಪಿ ಕುಡ್ಕಂಡು, ಜಗಲಿ ಮ್ಯಾಲ ಕೂತು ಮಾತಾಡುದ್ರಂತ. ಮನಗ ಬಂದು ನೀವೇ ಅಂದದ್ದು" ಎನ್ನುತ್ತಾಳೆ. ಇರಬಹುದು. ಕೊಂಬು ಹಿಡಿದವನ ಮುಖ ನನಗೆ ಈಗಲೂ ಕಾಣುತ್ತದೆ; ಆದರೆ ಆ ಮುಖದ ಹಿಂದೆ ಒಮ್ಮೆ ಕೊಟ್ಟಿಗೆಯ ಕತ್ತಲೆ ಇರುತ್ತದೆ, ಒಮ್ಮೆ ಜಗಲಿಯ ಬಿಸಿಲು. ಆದ್ದರಿಂದ ಇಲ್ಲಿ ಬರೆಯುವುದನ್ನೆಲ್ಲ ಹಸುವಿನ ವಯಸ್ಸನ್ನು ನಂಬುವಷ್ಟೇ ನಂಬಿ. ಯಜಮಾನ ಹೇಳಿದ್ದನ್ನು ಕೇಳಿಕೊಂಡು, ಬಾಯಿ ತೆರೆಸಿ ಹಲ್ಲನ್ನೂ ನೋಡುವುದು ನಮ್ಮ ಕಸುಬಿನ ಪದ್ಧತಿ.

ನಾನು ಪಶು ಆಸ್ಪತ್ರೆಯಲ್ಲಿ ಜಾನುವಾರು ಪರಿವೀಕ್ಷಕನಾಗಿದ್ದವನು. ನಮ್ಮ ಬೆಟ್ಟ ತಮಿಳು ಸರ್ಕಾರಕ್ಕೆ ಸೇರಿದ್ದು, ಕಾಗದದಲ್ಲಿ ನಾನು 'ಆಯ್ವಾಳರ್'. ಬೆಟ್ಟದ ಮೇಲೆ ಸೂಜಿ ಹಿಡಿದವರೆಲ್ಲ ಡಾಕ್ಟ್ರೇ, ಹಾಗಾಗಿ ನಾನೂ ಡಾಕ್ಟ್ರು. ಈಗ ನಿವೃತ್ತ. ಇಲಾಖೆಗೆ ಹೊಸದಾಗಿ ಸೇರಿದವರು ಪೇಟೆಯಲ್ಲಿ ಸಿಕ್ಕಾಗ ದನದ ವಿಷಯ ಕೇಳುವುದಿಲ್ಲ. "ಸಾರ್, ಕೆಲಸ ಬಿಡದೆ ಅಷ್ಟು ಜಾಗ ಹೇಗೆ ಮಾಡಿದಿರಿ?" ಅನ್ನುತ್ತಾರೆ. ಎರಡನ್ನೂ ಒಟ್ಟಿಗೆ ತೂಗಿಸಿಕೊಂಡು ಹೋದೆ ಅಂತ ಅವರ ಎಣಿಕೆ. ತೂಗಿಸಲಿಲ್ಲ. ತಕ್ಕಡಿಯ ಮುಳ್ಳು ಒಂದು ದಿನವೂ ನಡುವೆ ನಿಲ್ಲಲಿಲ್ಲ. ಅದನ್ನೇ ಬರೆಯಲು ಕೂತಿದ್ದೇನೆ.

ಮೊದಲು ಕೆಲಸ. ಹಸು ಬೆದೆಗೆ ಬಂದರೆ ಕಾಯುವುದಿಲ್ಲ. ಬೆಳಿಗ್ಗೆ ಕೂಗಿದ ಹಸುವಿಗೆ ಸಂಜೆಯೊಳಗೆ ಗಬ್ಬ ಕಟ್ಟಿಸುವ ಸೂಜಿ ಆಗಬೇಕು, ಇಲ್ಲವೆಂದರೆ ಮೂರು ವಾರ ಹೋಯಿತು, ಆ ಮನೆಯ ಮುಂದಿನ ವರ್ಷದ ಹಾಲು ಹಿಂದಕ್ಕೆ ಹೋಯಿತು. ಫೋನಿಲ್ಲದ ಕಾಲದಲ್ಲಿ ಊರಿನ ಹಾಲಿನ ಕಟ್ಟೆಯ ಕಂಬಕ್ಕೆ ಬಟ್ಟೆ ಕಟ್ಟುತ್ತಿದ್ದರು. ಬೆಳಿಗ್ಗೆ ಗಾಡಿ ಹತ್ತಿ ಹೊರಟರೆ ನನ್ನ ಕಣ್ಣು ಕಂಬದ ಮೇಲೆ. ಬಟ್ಟೆ ಕಂಡರೆ ನಿಲ್ಲಬೇಕು, ವಿಚಾರಿಸಬೇಕು, ಯಾರ ಮನೆ, ಯಾವ ಹಸು. ಒಮ್ಮೆ ಪಣಕಹಳ್ಳಿಯ ಕಂಬಕ್ಕೆ ಯಾರದೋ ಟವೆಲ್ಲು ಗಾಳಿಗೆ ಹಾರಿ ಸಿಕ್ಕಿಕೊಂಡಿತ್ತು. ನಾನು ಊರೆಲ್ಲ ತಿರುಗಿ ಬೆದೆಗೆ ಬಾರದ ಹಸುಗಳನ್ನೆಲ್ಲ ನೋಡಿ ಬಂದೆ. "ಡಾಕ್ಟ್ರೇ, ಟವಲ್ಲು ನಂದು, ಬೆದೆಗ ಬಂದಿರದು ನಾನಲ್ಲ" ಅಂದ ಟವೆಲ್ಲಿನ ಯಜಮಾನ. ಈಗ ಬಟ್ಟೆ ಇಲ್ಲ. ಹಸುವಿನ ಹಿಂಭಾಗದ ಫೋಟೋ ವಾಟ್ಸಾಪಿನಲ್ಲಿ ಬರುತ್ತದೆ, ಊಟ ಮಾಡುವಾಗಲೇ ಬರುತ್ತದೆ.

ಕೊಟ್ಟಿಗೆಗೆ ಹೋದವನಿಗೆ ಮನೆಯ ಗುಟ್ಟು ತಾನಾಗಿ ತಿಳಿಯುತ್ತದೆ. ಹಸು ಮಾರುವ ಮನೆ ಮುಂದೆ ಹೊಲವನ್ನೂ ಮಾರುತ್ತದೋ ಇಲ್ಲವೋ, ಅಣ್ಣತಮ್ಮಂದಿರು ಒಂದೇ ಗೊಂತಿನಲ್ಲಿ ದನ ಕಟ್ಟುತ್ತಿದ್ದಾರೋ ಬೇರೆ ಬೇರೆಯೋ, ಇವೆಲ್ಲ ಕಣ್ಣಿಗೆ ಬೀಳುತ್ತವೆ. ದಲ್ಲಾಳಿಗೆ ಗೊತ್ತಾಗುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಪೇಟೆಯ ನಿವೇಶನದಲ್ಲಿ ಎರಡು ಅಂಗಡಿ ಮಳಿಗೆ ಎದ್ದವು. ಆಮೇಲೆ ದೊಡ್ಡಗಾಜನೂರಿನ ಹತ್ತಿರ ಒಂದು ತುಂಡು ಜಮೀನು, ಆಮೇಲೆ ಬಾಡಿಗೆಗೆ ಕೊಡುವ ಒಂದು ಮನೆ. ಯಾಕೆ ಕೊಂಡೆ ಅಂದರೆ, ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಪ್ರತಿ ವರ್ಷ ಬಯಲುಸೀಮೆಗೆ ವರ್ಗವಾಗುತ್ತದೆಂಬ ಗಾಳಿಮಾತು ಬರುತ್ತಿತ್ತು. ಬೆಟ್ಟದಲ್ಲಿ ಗೂಟ ಹೊಡೆದುಕೊಳ್ಳೋಣ ಅಂತ ಕೊಂಡೆ ಎನ್ನುವುದು ಒಂದು. ನಿಂತಲ್ಲಿ ನಿಲ್ಲಲಾಗದ ಕಾಲು, ಸುಮ್ಮನಿರಲಾಗದ ಮನಸ್ಸು ಎನ್ನುವುದು ಇನ್ನೊಂದು. ಎರಡನೆಯದೇ ನಿಜವಿರಬೇಕು. ಒಂದು ಜಾಗ ನೋಂದಣಿಯಾದ ದಿನ ಘಾಟಿಯ ಬಸ್ಸಲ್ಲಿ ಸತ್ಯಮಂಗಲದಿಂದ ಹತ್ತಿ ಬಂದು, ದಿಂಬಂನಲ್ಲಿ ಟೀ ಕುಡಿಯುವಷ್ಟರಲ್ಲಿ ಆ ಜಾಗ ಹಳೆಯದಾಗಿರುತ್ತಿತ್ತು. ಟೀ ಅಂಗಡಿಯವನ ಹತ್ತಿರ ಮುಂದಿನದರ ವಿಚಾರ ಕೇಳುತ್ತಿದ್ದೆ.

ಕೆಲಸ ಇದರಿಂದ ಕೆಡಲಿಲ್ಲವೇ ಅಂತ ಕೇಳುತ್ತೀರಿ. ಕಾಲುಬಾಯಿ ಜ್ವರದ ಲಸಿಕೆ ಹಾಕುವ ಕಾಲ. ಒಂದು ಬೀದಿಯಲ್ಲಿ ದಲ್ಲಾಳಿ ರಂಗಪ್ಪ ನನ್ನ ಜೊತೆ ನಡೆಯುತ್ತ ಮಾತಾಡುತ್ತಿದ್ದ. ಈ ರಂಗಪ್ಪ ಮುಂದೆಯೂ ಬರುತ್ತಾನೆ, ಪರಿಚಯ ಮಾಡಿಕೊಳ್ಳಿ: ಬಿಳಿ ಷರ್ಟು, ಎರಡು ಫೋನು, ಬೆಟ್ಟದ ಯಾವ ಹೊಲದ ಹೆಸರು ಹೇಳಿದರೂ ಅದರ ಯಜಮಾನನ ಅಜ್ಜನ ಹೆಸರು ಹೇಳುವ ನಾಲಿಗೆ. ಅವನು ಹೇಳುತ್ತಾ ಹೋದ, ನಾನು ಚುಚ್ಚುತ್ತಾ ಹೋದೆ. ಬೀದಿಯ ಕೊನೆಗೆ ಬಂದಾಗ ಒಬ್ಬ ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಡಾಕ್ಟ್ರಪ್ಪ, ನಮ್ ಎಮ್ಮೆ ಮ್ಯಾಲ ಯಾಕಪ್ಪ ಅಷ್ಟ್ ಪಿರೂತಿ? ಆಗ್ಲೇ ಬಂದು ಚುಚ್ಚುದ್ರಿ, ಈಗಲೂ ಚುಚ್ಚುದ್ರಿ. ಪಕ್ಕದ್ ಮನ ಎಮ್ಮ ಏನ್ ಪಾಪ ಮಾಡಿತ್ತು?" ನಾನು ಒಂದು ಮನೆ ಬಿಟ್ಟು ಒಂದು ಮನೆಗೆ ಎರಡು ಸಲ ಹೋಗಿದ್ದೆ. ಎಮ್ಮೆಗೆ ಏನೂ ಆಗಲಿಲ್ಲ. ಆ ಬೀದಿಗೆ ಹೋದಾಗಲೆಲ್ಲ ಹುಡುಗಿಯರು, "ಡಾಕ್ಟ್ರೇ, ಈ ಮನಗ ಚುಚ್ಚಾಯ್ತು" ಅಂತ ಕೂಗುವುದು ಮಾತ್ರ ಬಹಳ ಕಾಲ ನಡೆಯಿತು.

ನನ್ನ ಮೇಲಿನವರಲ್ಲಿ ನೆನಪಿಡಬೇಕಾದವರು ಒಬ್ಬರು. ಬಯಲಿನಿಂದ ಬಂದ ತಮಿಳು ಡಾಕ್ಟರ್, ಹೆಂಗಸು. ನಾವೆಲ್ಲ ಡಾಕ್ಟರಮ್ಮ ಅನ್ನುತ್ತಿದ್ದೆವು. ಒಂದು ವರ್ಷದಲ್ಲಿ ಬೆಟ್ಟದ ಕನ್ನಡ ಕಲಿತರು, ಬೈಗುಳದಿಂದ ಶುರು ಮಾಡಿ. ಸರ್ಕಾರಿ ನೌಕರ ಜಾಗ ಕೊಂಡರೆ ಇಲಾಖೆಗೆ ತಿಳಿಸಬೇಕು. ನಾನು ತಿಳಿಸುವ ಪತ್ರ ಹಿಡಿದು ಹೋದಾಗಲೆಲ್ಲ ಅವರು ಕನ್ನಡಕ ಇಳಿಸಿ ನೋಡುತ್ತಿದ್ದರು. "ಎನ್ನಪ್ಪಾ, ನೀನು ಮಾಡು ನೋಡೋಕೆ ಓಗ್ತೀಯೋ, ಕಾಡು ನೋಡೋಕೆ ಓಗ್ತೀಯೋ?" ಮಾಡು ಎಂದರೆ ಅವರ ಭಾಷೆಯಲ್ಲಿ ದನ, ಕಾಡು ಎಂದರೆ ಹೊಲ. "ಎರಡೂ ಒಂದೇ ದಾರೀಲಿ ಸಿಕ್ತವೆ ಮೇಡಂ" ಎಂದೆ. ನಗಲಿಲ್ಲ, ಸಹಿ ಹಾಕಿದರು.

ಒಂದು ದಿನ ದೊಡ್ಡಗಾಜನೂರಿನಲ್ಲಿ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಕರುವಿನ ತಲೆ ಹಿಂದಕ್ಕೆ ತಿರುಗಿಕೊಂಡಿತ್ತು. ಡಾಕ್ಟರಮ್ಮ ಒಳಗೆ ಕೈಹಾಕಿ ಮಲಗಿದ್ದರು, ನಾನು ಹಗ್ಗ ಹಿಡಿದಿದ್ದೆ. ನನ್ನ ಜೇಬಿನ ಫೋನು ಬಡಿದುಕೊಳ್ಳುತ್ತಲೇ ಇತ್ತು. ರಂಗಪ್ಪ. ರಸ್ತೆ ಬದಿಯ ಒಂದು ಜಾಗ, ಮಧ್ಯಾಹ್ನದೊಳಗೆ ಹೂಂ ಅನ್ನಬೇಕು. ಮೂರನೆಯ ಸಲ ಬಡಿದಾಗ ಡಾಕ್ಟರಮ್ಮ ಎದ್ದು, ರಕ್ತದ ಕೈಯಲ್ಲೇ ನನ್ನ ಜೇಬಿನಿಂದ ಫೋನು ತೆಗೆದು ಗೊಂತಿನ ಹುಲ್ಲಿನೊಳಗೆ ತುರುಕಿದರು. ಪಕ್ಕದಲ್ಲಿ ಕಟ್ಟಿದ್ದ ಎಮ್ಮೆ ಹುಲ್ಲಿನ ಜೊತೆ ಅದನ್ನೂ ನೆಕ್ಕಿತು. ಹುಲ್ಲು ನಡುಗುತ್ತಿತ್ತು, ಎಮ್ಮೆ ಹಿಂದೆ ಸರಿದು ನೋಡುತ್ತಿತ್ತು. ಕರು ಜೀವಂತ ಬಂತು. ಜಾಗ ಬೇರೆಯವರ ಪಾಲಾಯಿತು.

ಆ ಜಾಗದಲ್ಲಿ ಮುಂದೆ ಗಡಿ ತಕರಾರೆದ್ದು ಕೊಂಡವನು ಅಲೆದಾಡಿದ. ಹಾಗಾಗಿ ಈ ಕತೆಯನ್ನು ನಾನು, ಕಸುಬು ನನ್ನನ್ನು ಕಾಪಾಡಿತು ಎಂಬ ಧಾಟಿಯಲ್ಲಿ ಹೇಳುವುದುಂಟು. ಕೇಳಲು ಚೆಂದ. ಆದರೆ ಆ ದಿನ ನನಗೆ ಗಡಿಯ ತಕರಾರು ಗೊತ್ತಿರಲಿಲ್ಲ. ಕರು ಕೆಚ್ಚಲು ಹುಡುಕುತ್ತ ಎದ್ದು ನಿಂತಾಗ ಕೊಟ್ಟಿಗೆಯಲ್ಲಿ ಎಲ್ಲರೂ ನಕ್ಕರು, ನಾನು ಹುಲ್ಲಿನಲ್ಲಿ ಫೋನು ಹುಡುಕುತ್ತಿದ್ದೆ. ಅಷ್ಟು ಮಾತ್ರ ಖಂಡಿತ.

ಈಗ ಪಣಕಹಳ್ಳಿಯ ಹೊಲ.

ನಿವೃತ್ತಿ ಹತ್ತಿರ ಬರುತ್ತಿತ್ತು. ಸಣ್ಣಸಣ್ಣ ತುಂಡುಗಳ ಹಿಂದೆ ಓಡುವುದು ಸಾಕು, ಎಲ್ಲ ಸೇರಿಸಿ ಒಂದೇ ಒಳ್ಳೆಯ ಜಾಗ ಮಾಡಿಕೊಳ್ಳೋಣ ಅನ್ನಿಸಿತು. ಮಳಿಗೆ ಕೊಟ್ಟೆ, ಜಮೀನಿನ ತುಂಡು ಕೊಟ್ಟೆ, ನಾವಿರುವ ಮನೆಯೊಂದನ್ನು ಬಿಟ್ಟು ಎಲ್ಲ ಕೊಟ್ಟೆ. ಬಿತ್ತನೆಗೆ ಇಟ್ಟ ರಾಗಿಯನ್ನೂ ಬೀಸಿದ ಹಾಗೆ. ರಂಗಪ್ಪ ತೋರಿಸಿದ ಹೊಲ ರಸ್ತೆಗೆ ತಾಗಿಕೊಂಡಿತ್ತು, ಹಿಂದಕ್ಕೆ ಉದ್ದವಾಗಿ ಹೋಗಿ ಗುಡ್ಡದ ಕಡೆ ಮುಗಿಯುತ್ತಿತ್ತು. ಯಜಮಾನ ಶಿವಮಲ್ಲಪ್ಪ. ಬೆಟ್ಟದ ಕೋಸು, ಟೊಮೆಟೊ ಕೆಳಗಿನ ಮಾರ್ಕೆಟ್ಟಿಗೆ ಸಾಗಿಸಲು ಸ್ವಂತ ಗಾಡಿ ಕೊಳ್ಳುವ ಹುಮ್ಮಸ್ಸಿನಲ್ಲಿದ್ದ. ನಮ್ಮವರೇ. ದೂರದ ನೆಂಟಸ್ತಿಕೆಯೂ ಇತ್ತು.

ಹೊಲದ ತುಂಬ ಮುಸುಕಿನ ಜೋಳ, ಆಳೆತ್ತರ. ರಂಗಪ್ಪ ಗರಿ ಸರಿಸಿ, "ಎಂಗ್ ಎದ್ದದ ನೋಡಿ ಡಾಕ್ಟ್ರೇ! ಮಣ್ಣು ಏಳದೇ ಬ್ಯಾಡ, ಜ್ವಾಳನೇ ಏಳ್ತದ" ಅಂದ. ನಾನು ನಾಲ್ಕು ಹೆಜ್ಜೆ ಒಳಗೆ ಹೋದೆ. ಗರಿ ಕೆನ್ನೆ ಕೊಯ್ಯಿತು. ಆಚೆ ಊರಲ್ಲಿ ಒಂದು ಹಸು ಕಾಯುತ್ತಿತ್ತು. ಹೊರಗೆ ಬಂದು ಹೂಂ ಅಂದೆ.

ಹೊಸಬರಿಗೆ ಇದೊಂದು ಬುದ್ಧಿಮಾತು: ಜೋಳ ನಿಂತಾಗ ಹೊಲ ನೋಡಬೇಡಿ. ರಾಗಿ ನಿಂತಾಗ ನೋಡಿ, ಕಣ್ಣು ಆ ಅಂಚಿಗೆ ಹೋಗುತ್ತದೆ. ಕುಯಿಲಾದ ಮೇಲೆ ನೋಡಿದರೆ ಇನ್ನೂ ಒಳ್ಳೆಯದು. ನಾನು ಕುಯಿಲಾದ ಮೇಲೆ ನೋಡಿದೆ. ಅಷ್ಟರಲ್ಲಿ ಹೊಲ ನನ್ನದಾಗಿತ್ತು.

ಹಿಂದಿನ ಮೂಲೆಯಲ್ಲಿ ಒಂದು ಬಿಲ್ವದ ಗಿಡ, ಅದರ ಕೆಳಗೆ ಒಂದು ಕಲ್ಲು, ಕಲ್ಲಿನ ಮೇಲೆ ವಿಭೂತಿ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಅವರ ಹೊಲದಲ್ಲೇ ಗುಂಡಿ ತೋಡಿ, ಕೂತ ಭಂಗಿಯಲ್ಲಿ ಕೂರಿಸಿ ಮಣ್ಣು ಕೊಡುತ್ತೇವೆ. ಗಂಡನ ಪಕ್ಕ ಹೆಂಡತಿಗೆ ಜಾಗ ಬಿಡುತ್ತೇವೆ. ಅಲ್ಲಿ ಕೂತಿದ್ದವನು ಶಿವಮಲ್ಲಪ್ಪನ ಅಪ್ಪ. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಹಸನಾದ ನೆಲ, ಒಂದು ಕಳೆ ಕೂಡ ಇಲ್ಲದೆ.

ಶಿವಮಲ್ಲಪ್ಪನ ಮನೆಗೆ ಹೋದೆ. "ಯಾಕಪ್ಪ ಏಳ್ಲಿಲ್ಲ?" ಅಂದೆ. ಅವನಿಗೆ ನಿಜವಾಗಿಯೂ ಆಶ್ಚರ್ಯ. "ಏಳದ್ ಏನದ ಡಾಕ್ಟ್ರೇ? ಒರಗಿನೋರಾಗಿದ್ರ ಏಳಿರೋನು. ನೀವು ನಮ್ಮೋರು. ಒಲ ಅಂದ್ಮೇಲ ಸಮಾದಿ ಇರಲ್ವಾ?" ಅದು ಸರಿ. ನಮ್ಮವನಾದ್ದರಿಂದ ಅವನು ಹೇಳಲಿಲ್ಲ, ನಮ್ಮವನಾದ್ದರಿಂದ ನಾನು ಕೇಳಲಿಲ್ಲ. ಹೊಲ ಕೊಳ್ಳುವಾಗ 'ಇಲ್ಲಿ ಯಾರು ಕೂತಿದ್ದಾರೆ' ಅಂತ ನಮ್ಮವರು ನಮ್ಮವರನ್ನು ಕೇಳುವುದು ಒರಟುತನ. ಎಬ್ಬಿಸುವ ಯೋಚನೆ ಇದೆಯೇನೋ ಎಂಬ ಅನುಮಾನ ಬರುತ್ತದೆ. ಪರಊರಿನವನು ನನಗಿಂತ ಚೆನ್ನಾಗಿ ಕೊಳ್ಳುತ್ತಿದ್ದ.

ಆ ಮನೆಯ ಜಗಲಿಯಲ್ಲಿ ಅವನ ತಾಯಿ ಸಿದ್ದಮ್ಮ ಕೂತಿದ್ದಳು. ಹೊಲ ಹೋದ ಮೇಲೆ ಅವಳಿಗೆ ಉಳಿದದ್ದು ಒಂದು ಕಪ್ಪುಬಿಳಿ ಹಸು. ಆ ಹಸುವಿಗೆ ಒಂದು ರೋಗ: ಬೆದೆಗೆ ಬರುತ್ತದೆ, ಗಬ್ಬ ನಿಲ್ಲುವುದಿಲ್ಲ. ಮೂರು ವಾರಕ್ಕೊಮ್ಮೆ ಕೂಗುತ್ತದೆ. ಮೂರು ವಾರಕ್ಕೊಮ್ಮೆ ನಾನು ಹೋಗಲೇಬೇಕು. ಅವಳ ಹೊಲ ಕೊಂಡವನೂ ನಾನೇ, ಅವಳ ಹಸುವಿಗೆ ಸೂಜಿ ಹಾಕುವವನೂ ನಾನೇ.

ಸಿದ್ದಮ್ಮ ಇದಕ್ಕೊಂದು ಉಪಾಯ ಕಂಡುಕೊಂಡಳು. ನನ್ನನ್ನು ಎರಡು ಮಾಡಿದಳು.

ಮೊದಲ ಸಲ, ನಾನು ಕೈಗವಸು ಹಾಕಿಕೊಳ್ಳುತ್ತಿದ್ದಾಗ ಹಸುವಿನ ಬೆನ್ನು ಸವರುತ್ತ, "ಡಾಕ್ಟ್ರಪ್ಪ, ನಮ್ ಒಲ ಯಾರೋ ತಕ್ಕಂಡವ್ರಂತ, ನಿಂಗ ಗೊತ್ತಾ?" ಅಂದಳು.

ನಾನು ಅವಳ ಮುಖ ನೋಡಿದೆ. ಕಣ್ಣಲ್ಲಿ ನಗುವಿನ ಸುಳಿವಿಲ್ಲ. "ಗೊತ್ತು" ಅಂದೆ.

"ಅಂವ ಎಂಥವನು?"

"ಪರವಾಗಿಲ್ಲ. ಸ್ವಲ್ಪ ಆತ್ರಗಾರ."

"ಅಂಗಾದ್ರ ಅವಂಗ ಒಂದ್ ಮಾತ್ ಏಳು. ಮೂಲೇಲಿ ನನ್ ಗಂಡ ಕೂತವ್ನ. ಪಕ್ಕದ್ ಜಾಗ ನಂದು. ಅದ್ಕ ನೇಗ್ಲು ತಾಗಿಸ್‌ಬ್ಯಾಡ ಅನ್ನು."

"ಏಳ್ತೀನಿ" ಅಂದೆ.

ಮೂರು ವಾರ ಕಳೆದು ಹಸು ಮತ್ತೆ ಕೂಗಿತು. ಹೋದೆ. "ಏಳ್ದಾ? ಏನಂದ ಆ ಆತ್ರಗಾರ?"

"ಯೋಚ್ನ ಮಾಡ್ತೀನಿ ಅಂದ."

"ಯೋಚ್ನ ಮಾಡಕ ಅವಂಗ ತಲ ಅದಾ? ನಂಗ ವಯಸ್ಸದಾ? ಬಿರ್ನ ಮಾಡು ಅನ್ನು."

ಹೀಗೆ ಎಷ್ಟು ಸಲ ನಡೆಯಿತೋ ಲೆಕ್ಕವಿಲ್ಲ. ಮೊದಲು ತಮಾಷೆ ಅನ್ನಿಸಿತು. ಆಮೇಲೆ ಆ ಕೊಟ್ಟಿಗೆಯ ಸರದಿಯನ್ನು ದಿನದ ಕೊನೆಗೆ ತಳ್ಳತೊಡಗಿದೆ. ಹಸುವಿಗೆ ಲವಣದ ಪುಡಿ ಕೊಟ್ಟೆ, ಗರ್ಭಕೋಶಕ್ಕೆ ಔಷಧಿ ಬಿಟ್ಟೆ, ಡಾಕ್ಟರಮ್ಮನನ್ನೂ ಕರೆತಂದು ತೋರಿಸಿದೆ. ಗಬ್ಬ ನಿಂತುಬಿಟ್ಟರೆ ಸಾಕು, ಸಂದೇಶ ಹೊತ್ತು ತಿರುಗುವುದು ತಪ್ಪುತ್ತದೆ ಎಂಬ ಆಸೆ. ಗಬ್ಬ ನಿಲ್ಲಲಿಲ್ಲ.

ಯೋಚನೆ ಮಾಡಲು ಏನಿತ್ತು ಅಂದರೆ, ಇತ್ತು. ರಂಗಪ್ಪ ಕೊಯಮತ್ತೂರಿನ ಕಡೆಯ ಒಂದು ಪಾರ್ಟಿಯನ್ನು ಹುಡುಕಿದ್ದ. ಗಂಡ ಹೆಂಡತಿ, ವಾರದ ಕೊನೆಗೆ ಬಂದಿರಲು ತೋಟದ ಮನೆ ಕಟ್ಟುವ ಆಸೆಯವರು. ನಾನು ಕೇಳಿದ ಬೆಲೆಗೆ ಮುಖ ಹಿಂಡಲಿಲ್ಲ. ನನ್ನದೆಲ್ಲ ಆ ಒಂದು ಹೊಲದಲ್ಲಿ ಕೂತಿತ್ತು. ಅದು ಹೊರಳಿದರೆ ಮಾತ್ರ ನಿವೃತ್ತಿಯ ನಂತರ ನೆಮ್ಮದಿ. ಸಮಾಧಿಯ ವಿಷಯ ಮುಚ್ಚಿಡಲಿಲ್ಲ, ಹೇಳಿದೆ. ಅವರು ಒಳ್ಳೆಯವರೇ. ಹಿಂದಿನ ಮೂಲೆ ಬಿಟ್ಟುಕೊಡೋಣ, ಸುತ್ತ ಗಿಡ ನೆಟ್ಟು ಮರೆ ಮಾಡೋಣ ಅಂದರು. ನನಗೆ ಹಾರಿ ಕುಣಿಯುವಷ್ಟು ಸಂತೋಷ. ಎಲ್ಲ ಬಗೆಹರಿಯಿತು. ಗಾಡಿಯಲ್ಲಿ ಸಿದ್ದಮ್ಮನನ್ನು ಕೂರಿಸಿಕೊಂಡು, ಮನೆ ಕಟ್ಟುವವರ ಸುದ್ದಿ ಹೇಳುತ್ತ ಹೊಲಕ್ಕೆ ಹೋದೆ.

ನನ್ನ ಕಾಲದಲ್ಲಿ ಬಹಳ ಜನ ಜಾಗ ನೋಡುವುದನ್ನು ನೋಡಿದ್ದೇನೆ. ಸಿದ್ದಮ್ಮನಷ್ಟು ಜೋಪಾನವಾಗಿ ನೋಡಿದವರನ್ನು ಕಾಣೆ. ಮೊದಲು ಗಂಡನ ಕಲ್ಲಿಗೆ ಕೈ ಮುಗಿದಳು. ಆಮೇಲೆ ಪಕ್ಕದ ನೆಲದಲ್ಲಿ ಸೆರಗು ಒತ್ತರಿಸಿ, ಚಕ್ಕಂಬಕ್ಕಳ ಹಾಕಿ ಕೂತೇಬಿಟ್ಟಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಬೆಳಗಿನ್ ಬಿಸ್ಲು ಬತ್ತದ. ಮಳ ನೀರು ಅಂಗ ಓಯ್ತದ, ನಿಲ್ಲಲ್ಲ. ಪಕ್ಕದೋನು ಗೊತ್ತಿರೋನು" ಎಂದು ಕಲ್ಲಿನ ಕಡೆ ಗಲ್ಲ ತೋರಿಸಿದಳು. "ಗೊರಕ ಒಡಿತಾನ, ಅದೊಂದೇಯ."

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ರಸ್ತೆಯ ಕಡೆ ನೋಡಿದಳು.

"ಡಾಕ್ಟ್ರಪ್ಪ, ದಾರಿ ಎಲ್ಲದ?"

"ಯಾವ ದಾರಿ?"

"ಬರಕ. ನಾನ್ ನಡ್ಕಂಡ್ ಬತ್ತೀನಾ ಅವತ್ತು? ನಾಕ್ ಜನ ಒತ್ಕಂಡ್ ಬರ್‌ಬೇಕು. ಆಮೇಲ ನನ್ ಮಗ ವರ್ಸಕ್ ಒಂದ್ ಸಲ ಕಲ್ಗ ಉಯ್ಯಕ ಆಲು ತರ್‌ಬೇಕು. ಆ ಮನೇರು ಗೇಟ್ ಆಕ್ಬುಟ್ರ?"

ಸುತ್ತಲೂ ನೋಡಿದೆ. ಮೂರು ಕಡೆ ಪಕ್ಕದ ಹೊಲದವರು ಆನೆಗಾಗಿ ಎಳೆದ ಕರೆಂಟು ಬೇಲಿ. ಇರುವ ದಾರಿ ಒಂದೇ, ರಸ್ತೆಯಿಂದ ನನ್ನ ಹೊಲದ ಉದ್ದಕ್ಕೂ. ಯಾವ ಜಾಗ ಕೊಳ್ಳುವಾಗಲೂ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಅದು: ದಾರಿ ಎಲ್ಲಿ? ದಾರಿ ಇಲ್ಲದ ಜಾಗ ಬಿಟ್ಟಿ ಕೊಟ್ಟರೂ ಬೇಡ ಅಂತ ಎಷ್ಟೋ ಜನರಿಗೆ ಹೇಳಿದ್ದೆ. ಅವಳಿಗೆ ದಾರಿ ಇಲ್ಲದ ಜಾಗ ತೋರಿಸಿ, ಉಪಕಾರ ಮಾಡಿದವನ ಹಾಗೆ ನಿಂತಿದ್ದೆ.

ಪಾರ್ಟಿಗೆ ಫೋನು ಮಾಡಿದೆ. ಆತ ಮೆಲ್ಲಗೆ, ಬಹಳ ಮರ್ಯಾದೆಯಿಂದ, "ಮೂಲೈ ಓಕೆ ಸಾರ್. ವಳಿ ಮಟ್ಟುಂ ಕೇಕ್ಕಾದೀಂಗ" ಅಂದ. ಮೂಲೆ ಕೊಡುತ್ತೇವೆ, ದಾರಿ ಮಾತ್ರ ಕೇಳಬೇಡಿ. ತಪ್ಪು ಅನ್ನಲಾರೆ. ಮನೆಯ ಅಂಗಳದಲ್ಲಿ ಹೆಣದ ದಾರಿ ಯಾರಿಗೆ ಬೇಕು? ಯೋಚಿಸಿ ಹೇಳುತ್ತೇನೆ ಅಂದೆ.

ಅಲ್ಲಿಂದ ನಿವೃತ್ತಿಯವರೆಗಿನ ದಿನಗಳು ನೆನಪಿನಲ್ಲಿ ಕಲಸಿಹೋಗಿವೆ. ಹಗಲು ಕೆಲಸ, ನಡುವೆ ರಂಗಪ್ಪನ ಫೋನು, ಮತ್ತೆ ಕೆಲಸ. ಹೆಂಡತಿ ಒಮ್ಮೆ ತಟ್ಟೆ ಮುಂದಿಟ್ಟು, "ಉಣ್ಣೋ ಕೈಲೂ ದಾರಿ ಗೀಚ್ತಾ ಇದ್ದೀರಲ್ಲ" ಅಂದಳು. ನೋಡಿದರೆ ಸಾರಿನಲ್ಲಿ ಬೆರಳಿಂದ ಗೆರೆ ಎಳೆದಿದ್ದೆ.

ಕೊನೆಯ ದಿನ ಆಸ್ಪತ್ರೆಯಲ್ಲಿ ಹಾರ, ಬೂಂದಿ, ಭಾಷಣ. ಅದನ್ನು ಬಿಟ್ಟುಬಿಡುತ್ತೇನೆ, ಎಲ್ಲರಿಗೂ ಒಂದೇ ಥರ ನಡೆಯುತ್ತದೆ. ಭಾಷಣದ ನಡುವೆ ಪಣಕಹಳ್ಳಿಯಿಂದ ಫೋನು ಬಂತು; ಕಪ್ಪುಬಿಳಿ ಹಸು ಕೂಗುತ್ತಿದೆ. ಹಾರ ತೆಗೆದು ಗಾಡಿಗೆ ಸಿಕ್ಕಿಸಿ ಹೊರಟೆ. ಸಾರಜನಕದ ಡಬ್ಬಿಯ ಹೊಗೆಯಿಂದ ಎತ್ತಿದ, ಹೋರಿಯ ವೀರ್ಯ ತುಂಬಿದ ನನ್ನ ಕೊನೆಯ ಕಡ್ಡಿ ಆ ಹಸುವಿಗೇ ಹೋಯಿತು. ಸಿದ್ದಮ್ಮ ಹಾರ ನೋಡಿದಳು.

"ಮುಗೀತಾ?"

"ಮುಗೀತು ಕಣವ್ವ. ನಾಳೆಯಿಂದ ಬ್ಯಾರೆಯವ್ರು ಬತ್ತರೆ."

ಅವಳು ಹಿಡಿದಿದ್ದ ಹಸುವಿನ ಬಾಲ ಬಿಟ್ಟಳು. "ಅಂಗಾದ್ರ ಆ ಆತ್ರಗಾರಂಗ ಯಾರ ಕೈಲಿ ಏಳ್ಸಿ ಕಳಿಸ್ಲಿ?" ಅಂದಳು.

ಏನಂದೆನೋ ನೆನಪಿಲ್ಲ. ಹಾರದ ಹೂವನ್ನು ಹಸು ತಿಂದದ್ದು ನೆನಪಿದೆ.

ಬಿತ್ತನೆಯ ಕಾಲ ಬಂತು. ಹೊಲ ಖಾಲಿ ಬಿದ್ದಿದ್ದರೆ ಪಾರ್ಟಿಗೆ ಚೆನ್ನಾಗಿ ಕಾಣದು, ಉಳುಮೆ ಮಾಡಿಸಿ ಹಸನಾಗಿಡಿ ಅಂತ ರಂಗಪ್ಪ ಹೇಳಿದ್ದ. ಅವತ್ತು ಬೆಳಿಗ್ಗೆ ಟ್ರ್ಯಾಕ್ಟರ್ ಕರೆಸಿದ್ದೆ. ಟ್ರ್ಯಾಕ್ಟರಿನವನು ರಸ್ತೆ ಕಡೆಯಿಂದ ಉದ್ದಕ್ಕೆ ಉಳುತ್ತ, ಒಂದು ಅಂಚಿಗೆ ಬಂದು ನಿಂತ. ಬೇಲಿಯ ಪಕ್ಕದ ಆ ಪಟ್ಟಿ ನೇರ ಮೂಲೆಯ ಬಿಲ್ವದ ಗಿಡಕ್ಕೆ ಹೋಗುತ್ತದೆ. ಅದೇ ಹೊತ್ತಿಗೆ ರಂಗಪ್ಪನ ಫೋನು. "ಡಾಕ್ಟ್ರೇ, ಪಾರ್ಟಿ ದಿಂಬಂನಲ್ಲಿ ಟೀ ಕುಡೀತಾವ್ರ. ಅಡ್ವಾನ್ಸ್ ತಂದವ್ರ. ಅಲ್ಲೇ ಇರಿ, ಎಲ್ಲೂ ಓಗ್ಬ್ಯಾಡಿ!"

ಟ್ರ್ಯಾಕ್ಟರಿನವನು ಸದ್ದಿನ ನಡುವೆ ಕೂಗಿದ: "ಇದ್ನೂ ಉಳ್ಳಾ?"

ನಾನು ಕೈ ಎತ್ತಿದೆ.

ಈ ಕೈಯನ್ನು ಬಹಳ ಸಲ ನೆನಪಿಸಿಕೊಂಡಿದ್ದೇನೆ. ಬೇಡ ಅಂತ ಎತ್ತಿದೆನೋ, ಫೋನಿನ ಮಾತು ಕೇಳಿಸುತ್ತಿಲ್ಲ, ತಾಳು ಅಂತ ಎತ್ತಿದೆನೋ. ಊರಿನವರು ಡಾಕ್ಟ್ರು ದಾರಿ ಬಿಟ್ಟರು ಎನ್ನುತ್ತಾರೆ. ಅವರ ಬಾಯಲ್ಲಿ ನಾನು ಧರ್ಮಾತ್ಮ. ಕೈ ಎತ್ತಿದವನಿಗೇ ಗೊತ್ತಿಲ್ಲ. ಟ್ರ್ಯಾಕ್ಟರಿನವನು ಬೇಡ ಅಂತ ತಿಳಿದು ನೇಗಿಲು ಮೇಲೆತ್ತಿ ತಿರುಗಿಸಿಕೊಂಡ. ಕೆಂಪು ಮಣ್ಣಿನ ಉಳುಮೆಯ ಪಕ್ಕ ಆ ಪಟ್ಟಿ ಹುಲ್ಲಿನ ಸಮೇತ ಬಿಳಿಚಿಕೊಂಡು ಉಳಿಯಿತು, ರಸ್ತೆಯಿಂದ ಮೂಲೆಯವರೆಗೆ. ನಾನು ಖಾತರಿಯಾಗಿ ಹೇಳಬಲ್ಲದ್ದು ಇಷ್ಟೇ: ಕಾರು ಬರುವವರೆಗೂ ಸಮಯವಿತ್ತು. ಟ್ರ್ಯಾಕ್ಟರಿನವನು ಬೀಡಿ ಸೇದುತ್ತ ಅಲ್ಲೇ ಕೂತಿದ್ದ. ನಾನು ಅವನನ್ನು ಮತ್ತೆ ಕರೆಯಲಿಲ್ಲ.

ಕಾರಿನಿಂದ ಇಳಿದವರು ಪಟ್ಟಿ ನೋಡಿದರು. ಏನದು ಅಂತ ಕೇಳಿದರು. "ದಾರಿ" ಅಂದೆ. ರಂಗಪ್ಪ ನನ್ನ ಕಾಲು ತುಳಿದ. ಆ ಹೆಂಗಸು ಮೂಲೆಯವರೆಗೂ ನಡೆದುಹೋಗಿ, ಕಲ್ಲಿನ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು ಬಂದಳು. ಗಂಡನ ಹತ್ತಿರ ಏನೋ ಹೇಳಿದಳು. ಕಾರು ತಿರುಗಿಕೊಂಡು ಹೋಯಿತು.

"ಡಾಕ್ಟ್ರೇ" ಎಂದ ರಂಗಪ್ಪ, ಎರಡೂ ಫೋನು ಜೇಬಿಗೆ ಹಾಕಿಕೊಂಡು, "ಇಷ್ಟ್ ವರ್ಸ ನಿಮ್ಗ ಜಾಗ ತೋರುಸ್ದೆ. ಒಂದೂ ಕಲೀನಿಲ್ಲ ಕಣ್ರೀ ನೀವು. ಸತ್ತೋರ್‌ಗ ಸೈಟ್ ಮಾಡ್ಕೊಟ್ಟ ಮೊದಲ್ನೇ ಆಯ್ವಾಳರ್ ನೀವೇಯ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಅವರೆಕಾಯಿ ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಇದ್ದಳು. "ಮಳಿಗ ಕಟ್ಟುದ್ರಿ, ಮನ ಕಟ್ಟುದ್ರಿ, ಮಾರುದ್ರಿ. ನಮ್ಗ ಕೂರಕ ಒಂದ್ ಮೂಲ ಅದಾ ಅಂತ ಒಂದಿನ ಕೇಳುದ್ರಾ?" ಅಂದಳು. ತಮಾಷೆಗೆ ಅಂದದ್ದು. ನಾನೂ ನಕ್ಕೆ. ಅವರೆಕಾಯಿ ಮುಗಿಯುವವರೆಗೆ ನಾನೂ ಕೂತು ಬಿಡಿಸಿದೆ.

ಹೊಲ ಇನ್ನೂ ನನ್ನದೇ. ಕೊಳ್ಳುವವರಿಲ್ಲ. ಈ ಸಲವೂ ಜೋಳವೇ ಹಾಕಿಸಿದೆ. ಕೆಲಸವಿಲ್ಲದ ಕಾಲಿಗೆ ಬೇರೆ ದಾರಿ ಇಲ್ಲದೆ ಬೆಳಿಗ್ಗೆ ಪಣಕಹಳ್ಳಿ ಬಸ್ಸು ಹತ್ತುತ್ತೇನೆ. ಹಾಲಿನ ಕಟ್ಟೆಯ ಕಂಬದ ಕಡೆ ಕಣ್ಣು ಈಗಲೂ ಹೋಗುತ್ತದೆ.

ಮೊನ್ನೆ ಹೋದಾಗ ಜೋಳ ಆಳೆತ್ತರ ಎದ್ದಿತ್ತು. ಬೇಲಿಯ ಪಕ್ಕದ ಪಟ್ಟಿ ಮಾತ್ರ ತೆರೆದುಕೊಂಡಿತ್ತು, ಹುಲ್ಲು ತುಳಿದು ಹದವಾಗಿತ್ತು. ಆ ಕಡೆಯಿಂದ ಗಂಟೆಯ ಸದ್ದು. ಸಿದ್ದಮ್ಮ ಕಪ್ಪುಬಿಳಿ ಹಸುವನ್ನು ಹಗ್ಗ ಹಿಡಿದು ಮೇಯಿಸುತ್ತ ಮೂಲೆಯಿಂದ ಬರುತ್ತಿದ್ದಳು. ದಾರಿ ನಡೆದರೆ ಉಳಿಯುತ್ತದೆ, ನಡೆಯದಿದ್ದರೆ ಮುಚ್ಚುತ್ತದೆ ಅಂತ ದಿನವೂ ನಡೆಯುತ್ತಾಳಂತೆ. ನನ್ನನ್ನು ಕಂಡು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕೊಟ್ಟಿಗೆಯಲ್ಲಿ ಎಂದೂ ಹಾಗೆ ಮಾಡಿದವಳಲ್ಲ.

"ಒಲದ್ ಯಜಮಾನ್ರಾ?" ಅಂದಳು.

"ಊಂ" ಅಂದೆ.

"ನಮ್ ಅಸ ನೋಡ್ತಿದ್ದ ಡಾಕ್ಟ್ರು ಒಬ್ರಿದ್ರು. ಈಗ ಬರದಿಲ್ಲ. ನಿಮ್ಗ ಗೊತ್ತಾ?"

"ಗೊತ್ತು."

"ಕಂಡ್ರ ಒಂದ್ ಮಾತ್ ಏಳಿ. ಅವ್ರು ಊವಿನ್ ಆರ ಬ್ಯಾರೆ ಕೊಟ್ಟೋದ್ರಲ್ಲ, ಅವತ್ತಿಂದ ಅಸ ಕೂಗೇ ಇಲ್ಲ. ಒಸ ಡಾಕ್ಟ್ರು ಕೈ ಆಕಿ ನೋಡುದ್ರು. ಗಬ್ಬ ನಿಂತದ."

ಹಸು ಜೋಳದ ಗರಿಗೆ ಬಾಯಿ ಹಾಕಿತು. ಅವಳು ಎಳೆಯಲಿಲ್ಲ, ನಾನೂ ತಡೆಯಲಿಲ್ಲ.

"ಏಳ್ತೀನಿ" ಅಂದೆ.